ಹತ್ತು ದಿನದ ರಜೆಗೆ ಎಷ್ಟು ಊರು?

ಬೇಸಿಗೆ ಹತ್ತಿರ ಬಂತೆಂದರೆ ಜರ್ಮನಿಯಲ್ಲಿರುವ ಕನ್ನಡದ ಮನೆಗಳಲ್ಲಿ ಒಂದು ಚೀಟಿ ತಯಾರಾಗುತ್ತದೆ. ಪ್ಯಾರಿಸ್ ಎರಡು ದಿನ, ಆಮ್‌ಸ್ಟರ್‌ಡ್ಯಾಮ್ ಒಂದು, ಸ್ವಿಟ್ಜರ್ಲೆಂಡ್ ಮೂರು, ವೆನಿಸ್ ಒಂದು, ರೋಮ್ ಎರಡು, ಉಳಿದ ಒಂದು ದಿನಕ್ಕೆ ಪೀಸಾ. ಊರಿಂದ ಬಂದ ಅಪ್ಪ-ಅಮ್ಮನ ಕೈಯಲ್ಲಿ 90 ದಿನದ ವೀಸಾ, ಅವರನ್ನು ಸುತ್ತಾಡಿಸಬೇಕಾದ ಮಗ-ಸೊಸೆಯ ಕೈಯಲ್ಲಿ ಹತ್ತು ದಿನದ ರಜೆ. "ಇಷ್ಟು ದೂರ ಬಂದಿದ್ದೀವಿ, ಅದನ್ನೂ ನೋಡ್ಕೊಂಡು ಹೋಗ್ಬಿಡೋಣ" ಎಂದು ಯಾರೋ ಒಬ್ಬರು ಅನ್ನುತ್ತಾರೆ, ಚೀಟಿಗೆ ಇನ್ನೊಂದು ಊರು ಸೇರುತ್ತದೆ. ರಜೆ ಕಡಿಮೆಯಿದ್ದಷ್ಟೂ ಊರು ಕಡಿಮೆಯಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ರಜೆ ಕಡಿಮೆ ಎಂಬ ಗಾಬರಿಗೇ ಊರುಗಳು ಹೆಚ್ಚುತ್ತವೆ.

ಮೊದಲು ಲೆಕ್ಕ ನೋಡೋಣ. ನಾಲ್ಕು ಜನರ ಕುಟುಂಬ ಒಂದು ಊರಿಂದ ಇನ್ನೊಂದು ಊರಿಗೆ ಬಿಡಾರ ಬದಲಿಸಲು ಎಷ್ಟು ಹೊತ್ತು ಬೇಕು? ಸ್ನಾನ, ತಿಂಡಿ, ಪೆಟ್ಟಿಗೆ ಕಟ್ಟುವುದು ಒಂದೂವರೆ ಗಂಟೆ. ಹೆಚ್ಚಿನ ಕಡೆ ಬೆಳಗ್ಗೆ 10 ಇಲ್ಲವೇ 11ಕ್ಕೆ ರೂಮು ಬಿಡಬೇಕು, ಹೊಸ ಊರಿನಲ್ಲಿ ರೂಮು ಸಿಗುವುದು ಮಧ್ಯಾಹ್ನ 3ಕ್ಕೆ. ನಡುವೆ ನಿಲ್ದಾಣಕ್ಕೆ ಹೋಗಿ ಕಾಯುವುದು ಒಂದು ಗಂಟೆ, ಪ್ರಯಾಣ ಎರಡೂವರೆ ಮೂರು ಗಂಟೆ. ಇಳಿದ ಮೇಲೆ ಟ್ರಾಮ್ ಟಿಕೆಟ್ ಯಂತ್ರದ ಮುಂದೆ ನಿಂತು ಯಾವ ವಲಯದ ಟಿಕೆಟ್ ಬೇಕೆಂದು ಯೋಚಿಸುವುದು, ಬೀಗದ ಪೆಟ್ಟಿಗೆಯ ಅಂಕಿ ಒತ್ತಿ ಕೀಲಿ ತೆಗೆಯುವುದು, ಹಾಲು ಬ್ರೆಡ್ಡು ಎಲ್ಲಿ ಸಿಗುತ್ತದೆಂದು ಹುಡುಕುವುದು ಇನ್ನೊಂದು ಗಂಟೆ. ಒಟ್ಟು ಆರು ಗಂಟೆ ಅಂತಿಟ್ಟುಕೊಳ್ಳಿ. ಹತ್ತು ದಿನದಲ್ಲಿ ಐದು ಊರೆಂದರೆ ನಾಲ್ಕು ಸಲ ಬಿಡಾರ ಬದಲು, 24 ಗಂಟೆ. ದಿನಕ್ಕೆ ಓಡಾಡಲು ಸಿಗುವುದು ಹತ್ತು ಗಂಟೆ ಎಂದರೆ ಎರಡೂವರೆ ದಿನ ಅಲ್ಲಿಗೇ ಹೋಯಿತು. ಹೊರಡುವ ದಿನ, ವಾಪಸು ಬರುವ ದಿನ ಕಳೆದರೆ ಉಳಿದದ್ದು ಐದೂವರೆ ದಿನ, ಊರಿಗೆ ಒಂದು ದಿನ ಚಿಲ್ಲರೆ. ಅದೇ ಹತ್ತು ದಿನವನ್ನು ಎರಡು ಊರಿಗೆ ಹಂಚಿದರೆ ಒಂದೇ ಸಲ ಬಿಡಾರ ಬದಲು, ಏಳು ದಿನಕ್ಕಿಂತ ಹೆಚ್ಚು ಉಳಿಯುತ್ತದೆ. ಊರಿಗೆ ಮೂರೂವರೆ ದಿನಕ್ಕೂ ಮಿಕ್ಕಿ. ಹಾಗಾಗಿ ಎಷ್ಟು ಊರು ಎಂದು ಕೇಳಿಕೊಳ್ಳುವ ಬದಲು ಒಂದೊಂದು ಊರಿನಲ್ಲಿ ಎಷ್ಟು ರಾತ್ರಿ ಎಂದು ಕೇಳಿಕೊಂಡೇ ಚೀಟಿ ಬರೆಯುವುದು ಒಳ್ಳೆಯದು.

ನಮಗೆ ಈ ಓಟದ ಅಭ್ಯಾಸ ಎಲ್ಲಿಂದ ಬಂತು ಎಂದು ಯೋಚಿಸಿದರೆ ಬಹುಪಾಲು ನಮ್ಮ ರಜೆಯ ನಿಯಮಗಳೇ ಕಾರಣ ಅನಿಸುತ್ತದೆ. ರಜೆಯ ಪ್ರಯಾಣಕ್ಕೆಂದು ಕೊಡುವ ಹಣ, ಸರ್ಕಾರಿ ನೌಕರರ ಎಲ್‌ಟಿಸಿ ಇರಲಿ, ಕಂಪನಿಗಳ ಎಲ್‌ಟಿಎ ಇರಲಿ, ನಾಲ್ಕು ವರ್ಷದ ಒಂದು ಬ್ಲಾಕ್‌ಗೆ ಎರಡು ಪ್ರಯಾಣ. ಅದರಲ್ಲೂ ಸಿಗುವುದು ಪ್ರಯಾಣದ ದರ ಮಾತ್ರ. ರೂಮಿನ ಬಾಡಿಗೆ, ಊಟ, ಊರೊಳಗಿನ ಆಟೊ ಯಾವುದೂ ಲೆಕ್ಕಕ್ಕಿಲ್ಲ. ಅಂದರೆ ದೂರ ಹೋದಷ್ಟೂ ಹಣ ಬರುತ್ತದೆ, ನಿಂತರೆ ಕೈಯಿಂದ ಹೋಗುತ್ತದೆ. ಎರಡು ತಲೆಮಾರು ಈ ನಿಯಮದಡಿ ದೆಹಲಿ-ಆಗ್ರಾ-ಹರಿದ್ವಾರ ಸುತ್ತಿತು. ಅದರಲ್ಲಿ ತಪ್ಪೇನಿಲ್ಲ, ಅದಿಲ್ಲದಿದ್ದರೆ ಎಷ್ಟೋ ಮಂದಿ ಮನೆಯಿಂದ ಹೊರಗೇ ಹೊರಡುತ್ತಿರಲಿಲ್ಲ. ಆದರೆ ಆ ಕಾಲದ ಲೆಕ್ಕಾಚಾರವನ್ನು, ಅದು ಅನ್ವಯಿಸದ ಜರ್ಮನಿಗೂ ಹೊತ್ತು ತಂದಿದ್ದೇವೆ.

ಇಲ್ಲಿನ ಕಾನೂನು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಜರ್ಮನಿಯ ರಜೆ ಕಾಯಿದೆ 1963ರದು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕೊಡಲೇಬೇಕು. ಬಹಳಷ್ಟು ಕಂಪನಿಗಳಲ್ಲಿ 28ರಿಂದ 30 ದಿನ ಇರುತ್ತದೆ. ಗಮನಿಸಬೇಕಾದದ್ದು ಅದರೊಳಗಿನ ಇನ್ನೊಂದು ನಿಯಮ: ರಜೆಯನ್ನು ಚೂರುಚೂರು ಮಾಡಬಾರದು, ಒಂದು ಕಂತಾದರೂ ಎರಡು ವಾರ ಒಟ್ಟಿಗೆ ಇರಬೇಕು. ರಜೆಯಲ್ಲಿದ್ದಾಗ ಕಾಯಿಲೆ ಬಿದ್ದು ವೈದ್ಯರ ಚೀಟಿ ತಂದರೆ ಆ ದಿನಗಳು ರಜೆಯ ಲೆಕ್ಕದಿಂದ ಹೊರಗೆ. ರಜೆಯಲ್ಲಿ ದಣಿವಾರಿಸಿಕೊಳ್ಳುವ ಉದ್ದೇಶಕ್ಕೆ ಅಡ್ಡಬರುವಂಥ ಸಂಪಾದನೆಯ ಕೆಲಸ ಮಾಡುವಂತಿಲ್ಲ. ಈ ಕಾನೂನಿನ ಕಣ್ಣಿಗೆ ರಜೆ ಅಂದರೆ ದಣಿವಾರಿಸಿಕೊಳ್ಳುವುದು, ತಿರುಗಾಟ ನಿಮ್ಮಿಷ್ಟ. ಇಲ್ಲಿನವರು ಅದಕ್ಕೆ ತಕ್ಕಂತೆಯೇ ರಜೆ ಕಳೆಯುತ್ತಾರೆ. ಉತ್ತರ ಸಮುದ್ರದ ಒಂದು ದ್ವೀಪದಲ್ಲೋ, ಆಲ್ಪ್ಸ್‌ನ ಒಂದು ಹಳ್ಳಿಯಲ್ಲೋ ಮನೆ ಹಿಡಿದು ಎರಡು ವಾರ ಅಲ್ಲೇ. ಎಷ್ಟೋ ಕುಟುಂಬಗಳು ಪ್ರತಿ ವರ್ಷ ಅದೇ ಊರಿಗೆ, ಅದೇ ಮನೆಗೆ ಹೋಗುತ್ತವೆ.

ಅವರ ಕ್ರಮವನ್ನು ಹಾಗೆಹಾಗೇ ಎತ್ತಿಕೊಳ್ಳಿ ಎಂದು ನಾನು ಹೇಳಲಾರೆ. ಎರಡು ವಾರ ಒಂದೇ ಸಮುದ್ರ ದಂಡೆಯಲ್ಲಿ ಮಲಗಿದ್ದು, ಪಕ್ಕದ ಹಳ್ಳಿಯ ಹೆಸರೂ ತಿಳಿಯದೆ ಮರಳುವ ರಜೆ ನಮ್ಮ ಜಾಯಮಾನಕ್ಕೆ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಪಕ್ಕದ ಸೀಟಿನವರನ್ನು "ಯಾವೂರು?" ಎಂದು ಕೇಳುವ ನಮ್ಮ ಗುಣ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಸಮಯ ಬೇಕು ಅಷ್ಟೇ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ತಿಂಗಳು ಇದ್ದು, ಆ ಊರಿನ ಬಾವಿ, ಹಿತ್ತಲು, ಸಂತೆಯ ದಿನ ಎಲ್ಲ ಬಾಯಿಪಾಠವಾಗುತ್ತಿದ್ದ ಮಕ್ಕಳ ನಾಡು ನಮ್ಮದು. ಒಂದು ಕಡೆ ತಳವೂರಿ ನೋಡುವುದನ್ನು ಯಾರೂ ನಮಗೆ ಕಲಿಸಬೇಕಿಲ್ಲ.

ಯುರೋಪಿನ ಬಸ್ ಪ್ರವಾಸಗಳಲ್ಲಿ "ಇಪ್ಪತ್ತು ನಿಮಿಷ, ಫೋಟೊ ತೆಗೆದುಕೊಂಡು ಬನ್ನಿ" ಅನ್ನುವುದಕ್ಕೆ ಒಂದು ಕಾರಣವಿದೆ, ಅದನ್ನೂ ತಿಳಿದಿರುವುದು ಒಳ್ಳೆಯದು. ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕರು ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ 10. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ, ರಾತ್ರಿ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ. ಬಸ್ಸಿನೊಳಗಿನ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ತಪ್ಪಿದರೆ ದಂಡ. ದಿನಕ್ಕೆ ನಾನೂರು-ಐನೂರು ಕಿಲೋಮೀಟರ್ ಓಡಬೇಕಾದ ಬಸ್ಸು ಬೆಳಗ್ಗೆ ಒಂದು ಗಂಟೆ ತಡವಾದರೆ ಆ ಗಂಟೆಯನ್ನು ಚಾಲಕರ ವಿಶ್ರಾಂತಿಯಿಂದ ಕೀಳುವ ಹಾಗಿಲ್ಲ. ನೀವು ನೋಡಬೇಕಿದ್ದ ಊರಿನಿಂದಲೇ ಅದು ಕಡಿತವಾಗುತ್ತದೆ. ಗೈಡ್‌ಗಳನ್ನು ಬೈದು ಪ್ರಯೋಜನವಿಲ್ಲ, ಊರುಗಳ ಸಂಖ್ಯೆಯೇ ಹಾಗೆ ಮಾಡಿಸುತ್ತದೆ.

ಈಗ ಸ್ವಿಟ್ಜರ್ಲೆಂಡಿನ ಉದಾಹರಣೆ. ನಮ್ಮವರ ಪಟ್ಟಿಯಲ್ಲಿ ತಪ್ಪದೆ ಇರುವುದು ಯುಂಗ್‌ಫ್ರಾಉಯೋಖ್. 1912ರಲ್ಲಿ ಪೂರ್ತಿಯಾದ ರೈಲು ಬೆಟ್ಟದೊಳಗಿನ ಸುರಂಗದಲ್ಲಿ ಹತ್ತಿ 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಒಯ್ಯುತ್ತದೆ. ಟಿಕೆಟ್ ತುಂಬ ದುಬಾರಿ. ಮೂರು ದಿನದಲ್ಲಿ ಸ್ವಿಟ್ಜರ್ಲೆಂಡ್ ಮುಗಿಸುವವರು ಎರಡು ತಿಂಗಳ ಮೊದಲೇ ಒಂದು ದಿನ ಗೊತ್ತು ಮಾಡಿಬಿಡುತ್ತಾರೆ. ಆ ದಿನ ಮೋಡ ಕವಿದರೆ ಮೇಲೆ ಕಾಣುವುದು ಬಿಳಿ ಗೋಡೆ, ಅದರಾಚೆ ಏನೂ ಇಲ್ಲ. ಇಷ್ಟು ಹಣ ಕೊಟ್ಟು ಮಂಜಿನೊಳಗೆ ನಿಂತು ಬಂದ ಕುಟುಂಬಗಳು ಒಂದೆರಡಲ್ಲ. ಆ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಐದು ರಾತ್ರಿ ಇರುವವರಿಗೆ ಈ ಸಮಸ್ಯೆಯೇ ಇಲ್ಲ. ಬೆಳಗ್ಗೆ ಎದ್ದು ಶಿಖರದ ನೇರಪ್ರಸಾರ ಕ್ಯಾಮೆರಾ ನೋಡುವುದು, ನೀಲಿ ಆಕಾಶ ಕಂಡ ದಿನ ಮೊದಲ ರೈಲುಗಳಲ್ಲೊಂದನ್ನು ಹಿಡಿಯುವುದು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ಹೆಚ್ಚು, ಆದ್ದರಿಂದ ಬೆಳಗಿನ ಹೊತ್ತೇ ಸರಿ. ಜುಲೈ-ಆಗಸ್ಟ್‌ನಲ್ಲಿ ಜನ ಜಾಸ್ತಿ, ಹಿಂದಿನ ಸಂಜೆ ಹವಾಮಾನ ನೋಡಿ ಸೀಟು ಕಾದಿರಿಸಬೇಕಾದೀತು.

ಬಿಡಾರಕ್ಕೆ ಲೌಟರ್‌ಬ್ರುನ್ನನ್ ಕಣಿವೆ ನನ್ನ ಆಯ್ಕೆ. ಇಂಟರ್‌ಲಾಕನ್‌ನಿಂದ ರೈಲಿನಲ್ಲಿ 20 ನಿಮಿಷ, ಎತ್ತರ 800 ಮೀಟರ್ ಆಸುಪಾಸು. ಹಳ್ಳಿಯ ಪಕ್ಕದಲ್ಲೇ ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಸ್ಟೌಬ್‌ಬಾಖ್ ಜಲಪಾತ. ಮಳೆ ಬಂದ ದಿನಕ್ಕೆಂದೇ ಇಟ್ಟ ಹಾಗೆ ಟ್ರುಮ್ಮಲ್‌ಬಾಖ್ ಇದೆ. ಐಗರ್, ಮ್ಯೋಂಖ್, ಯುಂಗ್‌ಫ್ರಾಉ ಮೂರೂ ಪರ್ವತಗಳ ಹಿಮನದಿಯ ನೀರು ಬಂಡೆಯೊಳಗೇ ಕೊರೆದುಕೊಂಡು ಧುಮುಕುವ ಹತ್ತು ಜಲಪಾತಗಳು, ಒಳಗೆ ಲಿಫ್ಟಿನಲ್ಲಿ ಹೋಗಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತದೆ, 4 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಮೆಟ್ಟಿಲು ಸದಾ ಒದ್ದೆ. ರಬ್ಬರ್ ಅಟ್ಟೆಯ ಶೂ ಬೇಕು, ಚಪ್ಪಲಿ ನಡೆಯುವುದಿಲ್ಲ. ಕಣಿವೆಯ ಎರಡೂ ಬದಿಯ ದಿಬ್ಬಗಳ ಮೇಲೆ ಕಾರುಗಳೇ ಇಲ್ಲದ ಊರುಗಳು, ವೆಂಗನ್ ಮತ್ತು ಮ್ಯೂರನ್. ಪೂರ್ತಿ ಮೋಡವಿದ್ದರೆ ಇಂಟರ್‌ಲಾಕನ್ ಮೇಲೆ ಬರ್ನ್‌ಗೆ ಹೋಗಬಹುದು, ಅಲ್ಲಿನ ಹಳೆಯ ಪೇಟೆಯಲ್ಲಿ ಕಿಲೋಮೀಟರುಗಟ್ಟಲೆ ಕಮಾನು ಮೊಗಸಾಲೆ, ಕೊಡೆ ಬಿಚ್ಚದೆ ಸುತ್ತಾಡಬಹುದು.

ಹಿರಿಯರನ್ನು ಯುಂಗ್‌ಫ್ರಾಉಯೋಖ್‌ಗೆ ಕರೆದೊಯ್ಯುವಾಗ ಒಂದು ಎಚ್ಚರ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟೇ. ತಲೆನೋವು, ಏದುಸಿರು, ಹೊಟ್ಟೆ ತೊಳೆಸುವುದು ಸಾಮಾನ್ಯ. ಮೇಲೆ ಇಳಿದ ಕೂಡಲೇ ಓಡಾಡದೆ ಕಾಲು ಗಂಟೆ ಕೂತು ನೀರು ಕುಡಿದು ನಿಧಾನಕ್ಕೆ ಏಳಬೇಕು. ಎರಡು-ಮೂರು ಗಂಟೆ ಸಾಕು, ತಲೆನೋವು ಹೆಚ್ಚಾದರೆ ಮೊದಲ ರೈಲಿಗೇ ಇಳಿಯಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿರಬೇಕು. ಬೆಳಗ್ಗೆ ಒಂದು ಊರು ಬಿಟ್ಟು, ಶಿಖರ ಹತ್ತಿ ಇಳಿದು, ರಾತ್ರಿ ಇನ್ನೊಂದು ಊರು ಸೇರುವ ಪ್ರವಾಸದಲ್ಲಿ ಇದಕ್ಕೆಲ್ಲ ಪುರಸೊತ್ತು ಎಲ್ಲಿ?

ಪಾಸಿನ ವಿಷಯದಲ್ಲೂ ಮೋಸ ಹೋಗುವುದು ಸುಲಭ. ಸ್ವಿಸ್ ಟ್ರಾವಲ್ ಪಾಸ್ 3, 4, 6, 8, 15 ದಿನಕ್ಕೆ ಸಿಗುತ್ತದೆ, ದೇಶದ ತುಂಬ ರೈಲು, ಬಸ್ಸು, ದೋಣಿ ಹತ್ತಬಹುದು. ಕೊಂಡ ಮೇಲೆ "ವಸೂಲು ಮಾಡಬೇಕು" ಎಂದು ದಿನಕ್ಕೆ ಆರೇಳು ಗಂಟೆ ರೈಲಿನಲ್ಲೇ ಕಳೆಯುವವರಿದ್ದಾರೆ. ಅಷ್ಟಾದರೂ ಯುಂಗ್‌ಫ್ರಾಉಯೋಖ್‌ನ ಕೊನೆಯ ಹಂತಕ್ಕೆ ಅದರಲ್ಲಿ ಶೇಕಡಾ 25 ರಿಯಾಯಿತಿ ಮಾತ್ರ. ಒಂದೇ ಕಣಿವೆಯಲ್ಲಿ ಇರುವವರಿಗೆ ಹಾಫ್ ಫೇರ್ ಕಾರ್ಡ್ ಮೇಲು. ಒಂದು ತಿಂಗಳು ನಡೆಯುತ್ತದೆ, ಶಿಖರದ ರೈಲಿಗೂ ಅರ್ಧ ದರ. ಓಡಾಡಿದ ದಿನ ಅರ್ಧ ಹಣ, ಮನೆಯಲ್ಲಿ ಕೂತ ದಿನ ಏನೂ ಇಲ್ಲ. ಕೂತ ದಿನ ನಷ್ಟವಾಯಿತೆಂಬ ಕೊರಗೂ ಇರುವುದಿಲ್ಲ.

ಸ್ವಿಟ್ಜರ್ಲೆಂಡ್ ಕೈಗೆ ನಿಲುಕದಿದ್ದರೆ ಜರ್ಮನಿಯ ಕಪ್ಪು ಕಾಡು, ಷ್ವಾರ್ಟ್ಸ್‌ವಾಲ್ಡ್, ಏನೂ ಕಡಿಮೆಯಲ್ಲ. ಅಲ್ಲಿನ ನೂರಕ್ಕೂ ಹೆಚ್ಚು ಊರುಗಳಲ್ಲಿ ತಂಗಿದವರಿಗೆ ಕೋನುಸ್ ಎಂಬ ಅತಿಥಿ ಕಾರ್ಡ್ ಕೊಡುತ್ತಾರೆ. ದಿನಕ್ಕಿಷ್ಟು ಎಂದು ಕೊಡುವ ಪ್ರವಾಸಿ ತೆರಿಗೆಯಲ್ಲೇ ಅದು ಬರುತ್ತದೆ. ತಂಗಿರುವಷ್ಟು ದಿನ ಆ ಪ್ರದೇಶದ ಬಸ್ಸು, ಸ್ಥಳೀಯ ರೈಲು ಪುಕ್ಕಟೆ. ಮನೆ ಕೊಟ್ಟವರು ತಾವಾಗಿ ಕೊಡದಿದ್ದರೆ ಕೇಳಿ ಪಡೆಯಬೇಕು. ಮೂರು ತಿಂಗಳಿಗೆ ಬಂದ ಅಪ್ಪ-ಅಮ್ಮನಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ, ದೇಶದ ತುಂಬ ನಡೆಯುವ ತಿಂಗಳ ಪಾಸು ಮಾಡಿಸಬಹುದು. 2023ರ ಮೇನಲ್ಲಿ ತಿಂಗಳಿಗೆ 49 ಯೂರೋದಂತೆ ಶುರುವಾಯಿತು, 2026ರ ಜನವರಿಯಿಂದ 63. ವೇಗದ ರೈಲುಗಳಿಗೆ ನಡೆಯುವುದಿಲ್ಲ, ಉಳಿದ ಪ್ರಾದೇಶಿಕ ರೈಲು, ಟ್ರಾಮ್, ಬಸ್ಸಿಗೆ ಸಾಕು. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿಗೂ ಹಣ ಕಡಿತವಾಗುತ್ತದೆ, ಬಹಳ ಜನ ಮರೆಯುವುದು ಇಲ್ಲಿ.

ಮನೆ ಹಿಡಿಯುವ ಸಂಗತಿ. ಹೋಟೆಲಿಗಿಂತ ಅಡುಗೆಮನೆಯಿರುವ ರಜಾ ಮನೆ ನಮ್ಮಂಥ ಸಸ್ಯಾಹಾರಿ, ಅನ್ನ-ಸಾರಿನ ಕುಟುಂಬಗಳಿಗೆ ಹೊಂದುತ್ತದೆ. ಇವುಗಳಲ್ಲಿ ಕೊನೆಯಲ್ಲಿ ಶುಚಿ ಮಾಡುವ ಶುಲ್ಕ ಒಂದೇ ಸಲದ್ದು. ಅದು 70 ಯೂರೋ ಅಂತಿಟ್ಟುಕೊಂಡರೆ ಎರಡು ರಾತ್ರಿಗೆ ತಲಾ 35 ಬೀಳುತ್ತದೆ, ಏಳು ರಾತ್ರಿಗೆ ತಲಾ 10. ಬೇಸಿಗೆಯಲ್ಲಿ ಬಹುಪಾಲು ಮನೆಗಳನ್ನು ಶನಿವಾರದಿಂದ ಶನಿವಾರಕ್ಕೇ ಕೊಡುವುದು. ಹಾಗಾಗಿ ಶನಿವಾರ ದಕ್ಷಿಣದ ಹೆದ್ದಾರಿಗಳಲ್ಲಿ ವಾಹನಗಳ ಸಾಲು ಸಾಲು, ಕಾರಿನಲ್ಲಿ ಹೋಗುವವರು ನಸುಕಿನಲ್ಲೇ ಹೊರಡಬೇಕು. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬೇಕರಿ ಮಾತ್ರ ಒಂದಷ್ಟು ಹೊತ್ತು. ಶನಿವಾರ ಸಂಜೆ ತಲುಪಿ "ನಾಳೆ ಸಾಮಾನು ತಂದರಾಯ್ತು" ಅಂದುಕೊಂಡವರಿಗೆ ಭಾನುವಾರ ಉಪವಾಸ. ತಲುಪಿದ ಕೂಡಲೇ ಪೆಟ್ಟಿಗೆ ಬಿಚ್ಚುವ ಮೊದಲು ಹಾಲು, ಮೊಸರು, ತರಕಾರಿ, ಹಣ್ಣು ತಂದಿಡಬೇಕು.

ಅಡುಗೆಗೆ ಮನೆಯಿಂದ ಒಯ್ಯುವುದು ಹೆಚ್ಚೇನಲ್ಲ. ತಲೆಗೆ ಹೊತ್ತಿಗೆ ನೂರು ಗ್ರಾಂ ಲೆಕ್ಕದಲ್ಲಿ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಒಗ್ಗರಣೆ ಡಬ್ಬಿ, ಉಪ್ಪಿನಕಾಯಿ. ಕುಕ್ಕರ್ ಒಯ್ಯುವವರು ಮೊದಲೇ ಒಲೆ ಯಾವುದೆಂದು ಕೇಳಿರಬೇಕು. ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ನಡೆಯುತ್ತದೆ. ಬೇಳೆ ಹಿಂದಿನ ರಾತ್ರಿಯೇ ನೆನೆಹಾಕಿದರೆ ಕುಕ್ಕರ್ ಇಲ್ಲದೆಯೂ ಪಾತ್ರೆಯಲ್ಲೇ ಬೇಯುತ್ತದೆ. ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆಗೆದು, ಮಲಗುವ ಕೋಣೆಯ ಬಾಗಿಲು ಮುಚ್ಚಿ. ಇಂಗು, ಸಾಸಿವೆಯ ವಾಸನೆ ಹಾಸಿಗೆಗೆ ಹಿಡಿದರೆ ಬಿಡುವುದಿಲ್ಲ, ಮನೆಯ ಮಾಲೀಕರು ಮುಂದಿನ ಸಲ ನಮ್ಮವರಿಗೆ ಕೊಡಲು ಹಿಂದೇಟು ಹಾಕುತ್ತಾರೆ. ಊರಿಂದ ಬರುವ ಹಿರಿಯರಿಗೆ ಇನ್ನೊಂದು ಮಾತು ಮೊದಲೇ ಹೇಳಿ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ತುಪ್ಪ, ಧಾರವಾಡ ಪೇಡೆ ಎರಡೂ ಈ ನಿಯಮದಡಿ ಬರುತ್ತವೆ, ವಿಮಾನ ನಿಲ್ದಾಣದಲ್ಲಿ ಕಣ್ಣೆದುರೇ ಕಸಕ್ಕೆ ಹಾಕುವುದನ್ನು ನೋಡಬೇಕಾದೀತು.

ರಜೆ ಸಾಲದು ಅನ್ನುವವರು ಕ್ಯಾಲೆಂಡರನ್ನು ವರ್ಷದ ಆರಂಭದಲ್ಲೇ ತೆಗೆದು ಕೂರಬೇಕು. ಈಸ್ಟರಿಗೆ ಶುಕ್ರವಾರ, ಸೋಮವಾರ ಎರಡೂ ಸಾರ್ವಜನಿಕ ರಜೆ. ಅದರ ಮುಂದಿನ ಮಂಗಳವಾರದಿಂದ ಶುಕ್ರವಾರದ ತನಕ ನಾಲ್ಕು ದಿನ ಹಾಕಿದರೆ ಒಟ್ಟು ಹತ್ತು ದಿನ. ಹಿಂದಿನ ವಾರದ ನಾಲ್ಕೂ ದಿನ ಸೇರಿಸಿದರೆ ಎಂಟು ರಜೆಗೆ ಹದಿನಾರು ದಿನ. ಕ್ರಿಸ್ತಾರೋಹಣದ ಹಬ್ಬ ಯಾವಾಗಲೂ ಗುರುವಾರವೇ, ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ. ಶಾಲೆಗೆ ಹೋಗುವ ಮಕ್ಕಳಿದ್ದರೆ 16 ರಾಜ್ಯಗಳ ಬೇಸಿಗೆ ರಜೆ ಬೇರೆ ಬೇರೆ ಸಮಯಕ್ಕೆ ಶುರುವಾಗುತ್ತದೆಂದು ನೆನಪಿರಲಿ. ಬವೇರಿಯಾದ ರಜೆ ಸೆಪ್ಟೆಂಬರ್ ಎರಡನೇ ವಾರದ ತನಕ ಇರುತ್ತದೆ, ಆ ಕೊನೆಯ ಹತ್ತು ದಿನಗಳಲ್ಲಿ ಉಳಿದ ಬಹುಪಾಲು ರಾಜ್ಯದವರು ಮರಳಿರುತ್ತಾರೆ, ಮನೆಗಳ ಬಾಡಿಗೆ ಇಳಿದಿರುತ್ತದೆ. ಊರಿಂದ ಬರುವವರ ವೀಸಾಕ್ಕೂ ಕಡಿಮೆ ಊರಿನ ಯೋಜನೆ ಅನುಕೂಲ. ಷೆಂಗನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶಕ್ಕೇ ಹಾಕಬೇಕು. ಆರು ದೇಶಗಳಲ್ಲಿ ಎರಡೆರಡು ದಿನ ಅಂದರೆ ಯಾವ ದೇಶಕ್ಕೆ ಹಾಕುವುದೆಂಬುದೇ ಗೊಂದಲ, ಪ್ರತಿ ರಾತ್ರಿಗೂ ಬುಕಿಂಗ್ ಕಾಗದ ತೋರಿಸುವ ತಲೆನೋವು ಬೇರೆ.

ಒಂದೇ ಊರಲ್ಲಿ ಇರುವ ಯೋಜನೆಯೂ ಕೆಡುತ್ತದೆ. ಹೆಚ್ಚಾಗಿ ಕೆಡುವುದು ಬಿಡಾರದ ಆಯ್ಕೆಯಲ್ಲಿ. ನೂರು ಯೂರೋ ಉಳಿಸಲು ನಿಲ್ದಾಣದಿಂದ ಆರು ಕಿಲೋಮೀಟರ್ ದೂರದ, ಸಂಜೆ ಆರಕ್ಕೆ ಕೊನೆಯ ಬಸ್ಸಿರುವ ಹಳ್ಳಿಯಲ್ಲಿ ಮನೆ ಹಿಡಿದರೆ ಇಡೀ ವಾರ ಗಡಿಯಾರ ನೋಡುವುದೇ ಕೆಲಸ. ನಾನು ನಾಲ್ಕು ಸಂಗತಿ ನೋಡುತ್ತೇನೆ. ನಿಲ್ದಾಣ ಅಥವಾ ಬಸ್ ತಂಗುದಾಣಕ್ಕೆ ಹತ್ತು ನಿಮಿಷದ ನಡಿಗೆ, ಕಿರಾಣಿ ಅಂಗಡಿಗೆ ಅಷ್ಟೇ ದೂರ, ಕನಿಷ್ಠ ಮೂರು ದಿಕ್ಕಿಗೆ ಒಂದು ಗಂಟೆಯೊಳಗಿನ ದಾರಿ, ಮಳೆ ಬಂದರೆ ಹೋಗಲು ಒಂದು ಜಾಗ. ಹಿರಿಯರಿದ್ದರೆ ಲಿಫ್ಟ್ ಇದೆಯೇ, ಸ್ನಾನದ ಮನೆಯಲ್ಲಿ ಟಬ್ಬಿನ ಅಂಚು ದಾಟಬೇಕೇ ಎಂದೂ ಕೇಳಬೇಕು. ಮೊಣಕಾಲು ನೋವಿರುವವರಿಗೆ ಆ ಅರ್ಧ ಮೀಟರ್ ಅಂಚು ದಿನಕ್ಕೆರಡು ಸಲದ ಶಿಕ್ಷೆ.

ಮೂರನೇ ದಿನ ಒಂದು ಬೇಸರ ಬರುತ್ತದೆ, ಅದಕ್ಕೂ ತಯಾರಿರಬೇಕು. ಮೊದಲೆರಡು ದಿನದ ಉಮೇದು ಇಳಿದಿರುತ್ತದೆ, ಮಕ್ಕಳು ಮೊಬೈಲ್ ಹಿಡಿಯುತ್ತಾರೆ, ಹಿರಿಯರು "ಇಲ್ಲಿ ನೋಡೋಕೆ ಇನ್ನೇನಿದೆ?" ಅನ್ನುತ್ತಾರೆ. ಚೀಟಿಗೆ ಇನ್ನೊಂದು ಊರು ಸೇರಿಸಬೇಕು ಅನಿಸುವುದು ಆಗಲೇ. ಆ ದಿನಕ್ಕೆ ಏನನ್ನೂ ಗೊತ್ತು ಮಾಡದೆ ಖಾಲಿ ಬಿಡುವುದು ಮೇಲು. ಬಟ್ಟೆ ಒಗೆಯುವುದು, ವಾರದ ಸಂತೆಗೆ ಹೋಗುವುದು, ಮಧ್ಯಾಹ್ನ ಮಲಗುವುದು. ನಾಲ್ಕನೇ ದಿನದಿಂದ ಬಸ್ಸಿನ ನಂಬರ್ ನೆನಪಿರುತ್ತದೆ, ಬೇಕರಿಯವರು ಗುರುತು ಹಿಡಿಯುತ್ತಾರೆ, ಹಿರಿಯರು ತಾವೇ ಅಂಗಡಿಗೆ ಹೋಗಿ ಬರುತ್ತಾರೆ. ಭಾಷೆ ಬಾರದ ದೇಶದಲ್ಲಿ ಮಗನ ಕೈ ಹಿಡಿಯದೆ ಒಬ್ಬರೇ ಹಾಲು ತಂದ ಅಮ್ಮನ ಮುಖದ ಸಂತೋಷ ಐಫೆಲ್ ಗೋಪುರದ ಫೋಟೊದಲ್ಲಿ ಸಿಗುವುದಿಲ್ಲ.

ಒಂದೇ ಸಲ ಬಂದು ಹೋಗುವ, ಮತ್ತೆ ಬರಲಾಗದ ಹಿರಿಯರಿಗೆ ಪ್ಯಾರಿಸ್ ನೋಡಬೇಕೆಂಬ ಆಸೆ ಇದ್ದರೆ ಅದನ್ನು ತಳ್ಳಿಹಾಕಬಾರದು. ಪ್ಯಾರಿಸ್ಸಿಗೇ ನಾಲ್ಕು ರಾತ್ರಿ ಕೊಡಿ, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಬಿಡಿ. ಬರುವ ಮೊದಲು ಫೋನಿನಲ್ಲೇ "ಅಪ್ಪಾಜಿ, ನೀವು ನೋಡಲೇಬೇಕು ಅಂದುಕೊಂಡಿರೋದು ಯಾವುದು?" ಎಂದು ಕೇಳಿದರೆ ಬಹಳ ಸಲ ಉತ್ತರ ಒಂದೇ ಹೆಸರು ಇರುತ್ತದೆ. ಉಳಿದ ಆರು ಹೆಸರು ನಾವು ಸೇರಿಸಿದ್ದು. ಇನ್ನು ನಡೆಯಲು ಕಷ್ಟವಿದ್ದು, ಮೂರು ಹೊತ್ತೂ ನಮ್ಮ ಊಟವೇ ಆಗಬೇಕೆನ್ನುವವರಿಗೆ ಪೆಟ್ಟಿಗೆ ಹೊರುವ, ಅಡುಗೆಯವರನ್ನೂ ಕರೆತರುವ ಬಸ್ ಪ್ರವಾಸ ನಿಜವಾಗಿಯೂ ಅನುಕೂಲ.

ಇದೇ ಓಟ ಊರಿಗೆ ಹೋದಾಗಲೂ ಬಿಡುವುದಿಲ್ಲ. ಮೂರು ವಾರದ ರಜೆಯಲ್ಲಿ ಎರಡು ವಾರ ನೆಂಟರು, ಬ್ಯಾಂಕು, ಹಲ್ಲಿನ ಡಾಕ್ಟರು. ಉಳಿದ ವಾರದಲ್ಲಿ ಮೂರು ದಿನಕ್ಕೆ ಟೆಂಪೊ ಟ್ರಾವೆಲರ್ ಮಾಡಿ ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುತ್ತ ಬಂದ ಮಕ್ಕಳಿಗೆ ನೆನಪಿರುವುದು ಸೀಟಿನ ಹಿಂಬದಿಯಷ್ಟೇ. ಹರಕೆ ಇದ್ದರೆ ತೀರಿಸಲೇಬೇಕು. ಇಲ್ಲದಿದ್ದರೆ ಆ ವಾರದ ನಾಲ್ಕು ರಾತ್ರಿಯನ್ನು ಒಂದೇ ಕಡೆಗೆ ಕೊಡಿ. ಎಲ್ಲಿಗೆ ಅನ್ನುವುದು ತಿಂಗಳಿನ ಮೇಲೆ ನಿಂತಿದೆ. ಯುರೋಪಿನ ಶಾಲಾ ರಜೆ ಬೀಳುವುದು ಜುಲೈ-ಆಗಸ್ಟ್‌ನಲ್ಲಿ. ಆಗ ಕರಾವಳಿಯಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ, ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವ ಭಯ. ತುಳು ಪಂಚಾಂಗದ ಪತ್ತನಾಜೆ ದಿನದೊಂದಿಗೆ ಯಕ್ಷಗಾನ ಮೇಳಗಳ ತಿರುಗಾಟವೂ ಮೇ ಕೊನೆಗೆ ಮುಗಿದಿರುತ್ತದೆ. ಮಳೆ ಕಡಿಮೆ ಬೀಳುವ ಬಾದಾಮಿ ಆ ತಿಂಗಳುಗಳಿಗೆ ಸರಿಯಾದ ಊರು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲು ಇಳಿದಿರುತ್ತದೆ, ಒಳ್ಳೆಯ ಮಳೆ ಬಿದ್ದ ಮರುದಿನ ಅಗಸ್ತ್ಯತೀರ್ಥದ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಹೊಸಪೇಟೆಯಿಂದಲೋ ಹುಬ್ಬಳ್ಳಿಯಿಂದಲೋ ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಮುಗಿಸುವುದು ರೂಢಿ. ಆ ದಿನ ನಡು ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಕಾಲಿಡಲಾಗದೆ, ಮೂರನೇ ಊರಿನಲ್ಲಿ ಎಲ್ಲ ದೇವಸ್ಥಾನವೂ ಒಂದೇ ಥರ ಕಾಣುತ್ತದೆ. ನಾಲ್ಕು ರಾತ್ರಿ ಬಾದಾಮಿಯಲ್ಲೇ ಇದ್ದರೆ ಒಂದು ದಿನಕ್ಕೆ ಒಂದೇ ಊರು. ಮೊದಲ ದಿನ ಗುಹೆಗಳು. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶನ 578ರ ಶಾಸನವಿದೆ, ಶೇಷನ ಮೇಲೆ ಕೂತ ವಿಷ್ಣು, ವರಾಹ, ತ್ರಿವಿಕ್ರಮರ ಮುಂದೆ ಒಂದು ಗಂಟೆ ಸಾಲದು. ಕೈಯಲ್ಲಿ ತಿಂಡಿ ಪೊಟ್ಟಣ ಇರಬಾರದು, ಕೋತಿಗಳು ಕಿತ್ತುಕೊಳ್ಳುತ್ತವೆ. ಸಂಜೆ ಕೆರೆಯ ಆಚೆ ದಂಡೆಯ ಭೂತನಾಥನ ಗುಡಿಯಲ್ಲಿ ಕೂತರೆ ಕೆಂಪು ಬಂಡೆಯ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಅಲ್ಲೇ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿ ಕಲ್ಲಿನ ಮೇಲೆ ಕಾಣಿಸಿಕೊಂಡ ಅತಿ ಹಳೆಯ ಜಾಗಗಳಲ್ಲಿ ಅದೊಂದು, ಸುಮಾರು 700ನೇ ಇಸವಿಯದು. ಕನ್ನಡ ಓದಲು ಕಲಿಯುತ್ತಿರುವ ಹೊರನಾಡಿನ ಮಕ್ಕಳನ್ನು ಕರೆದೊಯ್ದು ನಿಲ್ಲಿಸಬೇಕಾದ ಜಾಗ.

ಎರಡನೇ ದಿನ ಪಟ್ಟದಕಲ್ಲು, 22 ಕಿಲೋಮೀಟರ್. ವಾಯವ್ಯ ಸಾರಿಗೆ ಬಸ್ಸಿದೆ, ಆಟೊದವರೂ ದಿನದ ಲೆಕ್ಕಕ್ಕೆ ಬರುತ್ತಾರೆ. ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲಿಗೇ ಹೋಗಬೇಕು. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಒಂದೇ ಅಂಗಳದಲ್ಲಿ ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ಶಿಖರವೂ ಅಕ್ಕಪಕ್ಕ ನಿಂತಿವೆ. ಎರಡರ ನಡುವೆ ಐದಾರು ಸಲ ಹೋಗಿ ಬಂದಾಗಲೇ ಯಾವುದು ಯಾವುದೆಂದು ಕಣ್ಣಿಗೆ ಕೂರುತ್ತದೆ. ಮೂರನೇ ದಿನ ಐಹೊಳೆ, ಆನೆಯ ಬೆನ್ನಿನ ಆಕಾರದ, ಅಂದರೆ ಗಜಪೃಷ್ಠದ ದುರ್ಗ ಗುಡಿಯ ಮೊಗಸಾಲೆಯಲ್ಲಿ ಒಂದು ಸುತ್ತು, ಆಮೇಲೆ ಗುಡ್ಡ ಹತ್ತಿ ಮೇಗುತಿ ಬಸದಿ. ಎರಡನೇ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ 634ರ ಶಾಸನ ಅಲ್ಲಿದೆ. ನಾಲ್ಕನೇ ದಿನ ಖಾಲಿ. ಮನಸ್ಸಾದರೆ ಮಹಾಕೂಟದ ಕೊಳ, ಬನಶಂಕರಿಯಲ್ಲಿ ಬುಟ್ಟಿಯಿಂದ ಬಡಿಸುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು. ಇಲ್ಲವೇ ಗುಳೇದಗುಡ್ಡಕ್ಕೆ ಹೋಗಿ ಮಗ್ಗದಲ್ಲಿ ಖಣ ನೇಯುವುದನ್ನು ನೋಡುವುದು. ಬಾದಾಮಿಯ ಪ್ರಾಚ್ಯವಸ್ತು ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನವನ್ನು ಪಟ್ಟದಕಲ್ಲಿಗೆ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗ್ಗೆ ಬಾದಾಮಿ. ನಿಲ್ದಾಣದಿಂದ ಊರು ಐದು ಕಿಲೋಮೀಟರ್, ಆಟೊ ಇರುತ್ತದೆ. ಬೆಳಗ್ಗೆ ಬೇಗ ತಲುಪುವುದರಿಂದ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯುವುದು, ಇಲ್ಲವೇ ಬೇಗ ಕೊಡುವಂತೆ ಫೋನಿನಲ್ಲಿ ಮಾತಾಡಿಕೊಳ್ಳುವುದು ಮೇಲು. ರೈಲು ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿಸಿದ್ದಾರೆ. ವಿಮಾನದ ಟಿಕೆಟ್ ಆರು ತಿಂಗಳ ಮೊದಲೇ ಮಾಡುವ ಹೊರನಾಡಿನವರು ಈ ದಿನವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಕ್ರಿಸ್‌ಮಸ್ ರಜೆಗೆ ಬರುವವರು ಬನದ ಹುಣ್ಣಿಮೆ ಯಾವತ್ತು ಎಂದು ನೋಡಿಕೊಳ್ಳಿ, 2026ರಲ್ಲಿ ಅದು ಜನವರಿ 3ಕ್ಕೇ ಬಿದ್ದಿತ್ತು. ಬನಶಂಕರಿ ಜಾತ್ರೆಯ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಆದರೆ ವೃತ್ತಿ ನಾಟಕ ಕಂಪನಿಗಳು ಆಗ ಅಲ್ಲಿ ಬೀಡುಬಿಟ್ಟಿರುತ್ತವೆ. ಆಟ ಮುಗಿಯುವುದು ಸರಿರಾತ್ರಿ ದಾಟಿದ ಮೇಲೆ. ಮರುದಿನ ಬೆಳಗ್ಗೆ ಯಾವ ಊರಿಗೂ ಓಡಬೇಕಿಲ್ಲದವರು ಕೊನೆಯ ಅಂಕದ ತನಕ ಕೂತು ನೋಡಬಹುದು.